ಬೆನ್ನುಗಳ ಕೋಣೆ

ನಮ್ಮ ಅತ್ತೆಗೆ ಬಿದ್ದ ನೋವಿಗಿಂತ ಬಿದ್ದ ಕಾರಣದ ಅವಮಾನವೇ ಹೆಚ್ಚಾಗಿತ್ತು. ಜಾರಿದ್ದು ಮೆಟ್ಟಿಲ ಮೇಲಲ್ಲ, ಬಚ್ಚಲಲ್ಲೂ ಅಲ್ಲ. ನಮ್ಮದೇ ಹೊಲಿಗೆ ಅಂಗಡಿಯೊಳಗೆ, ಕಟಿಂಗ್ ಮೇಜಿನಿಂದ ಕೆಳಗೆ ಬಿದ್ದಿದ್ದ ನುಣುಪು ಲೈನಿಂಗ್ ಬಟ್ಟೆಯ ಒಂದು ತುಂಡಿನ ಮೇಲೆ. "ನೆಲದ ಮೇಲೆ ಬಟ್ಟೆ ಬಿಡಬೇಡ ಕಣೇ" ಎಂದು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಪ್ರಾಣ ತಿಂದವರು, ತಾವೇ ಬೀಳಿಸಿದ ತುಂಡಿನ ಮೇಲೆ ಕಾಲಿಟ್ಟು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಒಳಗೆ ಸ್ಟೀಲಿನ ಸರಳು ಕೂತಿತು, ಮೂಳೆ ಕೂಡಿಕೊಂಡಿತು. ಆದರೂ ಅತ್ತೆ ಏಳಲಿಲ್ಲ.

ಏಳಲಾಗಲಿಲ್ಲ ಅಂತಲ್ಲ, ಏಳಲಿಲ್ಲ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ನಾನೂ ನನ್ನ ಗಂಡನೂ ಎತ್ತಿ ಕೂರಿಸಬೇಕು. ಕುರ್ಚಿಯಲ್ಲಿ ಕೂತ ಮೇಲೆ ಮೊದಲಿನ ಅತ್ತೆಯೇ. ಕಾಜ ಹೊಲಿಯುತ್ತಾರೆ, ಗಿರಾಕಿಗಳನ್ನು ಗದರುತ್ತಾರೆ, ನನ್ನ ಕಟಿಂಗಿನಲ್ಲಿ ತಪ್ಪು ಹುಡುಕುತ್ತಾರೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ "ಅಜ್ಜಿ, ಒಂದೇ ಒಂದ್ಸಲ ನಿಂತ್ಕೊಳ್ಳಿ" ಎಂದು ಕೈ ಚಾಚಿದರೆ, "ನಿನ್ನ ಯೂನಿಫಾರಮ್ಮಿನ ಭುಜ ಇಳಿದುಹೋಗಿದೆಯಲ್ಲೇ, ಯಾವ ಪುಣ್ಯಾತ್ಮ ಹೊಲಿದಿದ್ದು?" ಎಂದು ಮಾತು ತಿರುಗಿಸುತ್ತಾರೆ.

ಒಂದು ದಿನ ಆ ಹುಡುಗಿ ನನ್ನನ್ನು ಬಾಗಿಲಾಚೆ ಕರೆದಳು. "ಮೂಳೆ ಸರಿಯಾಗಿದೆ ಆಂಟಿ. ಭಯ ಹೋಗಿಲ್ಲ, ಅಷ್ಟೇ. ಆದ್ರೆ ಈಗ ನಿಲ್ಲದೆ ಇದ್ರೆ ಕಾಲಿನ ಸ್ನಾಯು ಸೊರಗಿಬಿಡುತ್ತೆ. ಆಮೇಲೆ ಅವರೇ ನಿಲ್ತೀನಿ ಅಂದ್ರೂ ಕಾಲು ಕೇಳಲ್ಲ. ಬಲವಂತ ಮಾಡಿ ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ. ಅವರಿಗೇ ಮನಸ್ಸು ಬರ್ಬೇಕು," ಎಂದಳು.

ನನಗೆ ಸಿಟ್ಟು ಬೇಗ ಬರುತ್ತದೆ. ಬೇಕಾದವರ ಮೇಲಂತೂ ಇನ್ನೂ ಬೇಗ. ಅತ್ತೆ ನನಗೆ ಕತ್ತರಿ ಹಿಡಿಯಲು ಕಲಿಸಿದವರು, ನನ್ನ ಬಾಯಿಗೆ ಸರಿಸಮ ಬಾಯಿ ಕೊಟ್ಟವರು. ಅವರು ಕುರ್ಚಿಗೇ ಸೀಮಿತವಾಗುವುದನ್ನು ನೋಡಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಬೈದೆ, ಗೋಗರೆದೆ, ಮಾತು ಬಿಟ್ಟೆ. ಮಾತು ಬಿಟ್ಟದ್ದು ಮಧ್ಯಾಹ್ನದ ತನಕ ಮಾತ್ರ, ಏಕೆಂದರೆ ಕೋಟಿನ ಕಾಲರ್ ಕೂರಿಸುವಾಗ ಅವರನ್ನು ಕೇಳದೆ ನನಗೆ ಕೈ ಓಡುವುದಿಲ್ಲ.

ಹೀಗಿರುವಾಗ ನಮ್ಮ ಬೀದಿಯ ಕೊನೆಯ ಸಭಾಂಗಣದಲ್ಲಿ ನಾಟಕ ಆಡಿಸುವ ಮೇಡಂ ಅಂಗಡಿಗೆ ಬಂದರು. ರಾಣಿಯ ಪಾತ್ರಕ್ಕೆ ಒಂದು ಉಡುಪು ಬೇಕಂತೆ. "ತೋಳು ಮಾತ್ರ ಹಳೇ ಚಿತ್ರದಲ್ಲಿ ಇರೋ ಥರಾನೇ ಬೇಕು," ಎಂದರು. ಚಿತ್ರವಿರುವುದು ನದಿಯಾಚೆಯ ಕಲಾ ಸಂಗ್ರಹಾಲಯದಲ್ಲಿ. ಅದರ ಚಾವಣಿ ದುರಸ್ತಿಗೆಂದು ಬಾಗಿಲು ಮುಚ್ಚಿದ್ದಾರೆ. ಆದರೆ ಇರುವ ಚಿತ್ರಗಳನ್ನೆಲ್ಲ, ಕೋಣೆಕೋಣೆಗಳ ಸಮೇತ, ಅಂತರ್ಜಾಲಕ್ಕೆ ಹಾಕಿಬಿಟ್ಟಿದ್ದಾರಂತೆ. ಮನೆಯಲ್ಲೇ ಕೂತು ಎಲ್ಲ ಸುತ್ತಬಹುದಂತೆ. ಮೇಡಂ ನಮ್ಮ ಟ್ಯಾಬಿನಲ್ಲಿ ಅದನ್ನು ತೆರೆದುಕೊಟ್ಟು ಹೋದರು. ಡಿಸೈನು ತೋರಿಸಲೆಂದು ನನ್ನ ಗಂಡ ತಂದಿದ್ದ ಹಳೆಯ ಟ್ಯಾಬು ಅದು. ಅಲ್ಲಿಯವರೆಗೆ ಅದರ ಮೇಲೆ ಸೀಮೆಸುಣ್ಣದ ಪುಡಿ ಕೂತದ್ದೇ ಹೆಚ್ಚು.

ನಾನು ರಾಣಿಯ ಚಿತ್ರ ಹುಡುಕಿದೆ. ಬೆರಳಲ್ಲಿ ಹಿಗ್ಗಿಸಿದೆ. ತೋಳು ಹಿಗ್ಗಿತು. ಮತ್ತೆ ಹಿಗ್ಗಿಸಿದೆ. ನೆರಿಗೆ ಕಂಡಿತು, ನೆರಿಗೆಯ ಅಂಚಿನ ದಾರ ಕಂಡಿತು, ದಾರದ ಮೇಲೆ ಬಣ್ಣ ಬಿರುಕುಬಿಟ್ಟದ್ದೂ ಕಂಡಿತು. ನನಗೇ ಅರಿವಿಲ್ಲದೆ "ಅಯ್ಯಯ್ಯೋ!" ಎಂದೆ.

"ಏನದು? ಬೆರಳು ಕತ್ತರಿಸಿಕೊಂಡ್ಯಾ?" ಎಂದರು ಕಿಟಕಿ ಪಕ್ಕದ ಕುರ್ಚಿಯಿಂದ ಅತ್ತೆ.

ಟ್ಯಾಬನ್ನು ಅವರ ತೊಡೆಯ ಮೇಲಿಟ್ಟೆ. ಮೊದಲು ಮೂಗು ಮುರಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಬಗ್ಗಿದರು. "ಲೇ, ಈ ತೋಳಿಗೆ ಕಂಕುಳಲ್ಲಿ ಹೊಲಿಗೇನೇ ಇಲ್ಲ! ಇವಳು ಇದನ್ನ ಹಾಕ್ಕೊಂಡಿದ್ದಾದ್ರೂ ಹೇಗೆ? ಮೈಮೇಲೇ ಬಣ್ಣ ಬಳಿಸ್ಕೊಂಡ್ಳಾ?"

"ಬಣ್ಣ ಬಳಿದದ್ದೇ ಅಲ್ವಾ ಅತ್ತೆ, ಚಿತ್ರ ಅಂದ್ಮೇಲೆ?"

ಅತ್ತೆ ನಕ್ಕರು. ಬಿದ್ದ ಮೇಲೆ ಅವರು ಹೊಟ್ಟೆತುಂಬ ನಕ್ಕದ್ದು ಅವತ್ತೇ. ನನ್ನ ಹೊಟ್ಟೆಗೆ ಹಾಲೆರೆದಂತಾಯಿತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ತಿರುಗಾಟ. ಚಿತ್ರಗಳನ್ನು ಒಂದೊಂದಾಗಿ ನೋಡುವುದು ಒಂದು ಬಗೆ. ಕೋಣೆಗಳೊಳಗೆ ಓಡಾಡುವುದು ಇನ್ನೊಂದು. ನೆಲದ ಮೇಲೆ ಬಾಣದ ಗುರುತು ಇರುತ್ತದೆ, ಅದನ್ನು ಮುಟ್ಟಿದರೆ ಮುಂದಕ್ಕೆ ಹೋಗುತ್ತೀರಿ. ಮೊದಮೊದಲು ನಾವು ಗೋಡೆಗೆ ಗುದ್ದಿಕೊಂಡೆವು, ಚಾವಣಿ ನೋಡುತ್ತ ನಿಂತೆವು, ಒಂದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಎಷ್ಟೋ ಹೊತ್ತು ನೋಡಿದೆವು. "ಇದೂ ಕಲೇನಾ?" ಎಂದು ಅತ್ತೆ ಗಂಭೀರವಾಗಿ ಕೇಳಿದರು. ನನ್ನ ಗಂಡ ಸಿಟಿ ಬಸ್ಸಿನ ಡ್ರೈವರು. ಡ್ಯೂಟಿ ಮುಗಿಸಿ ಬಂದವನು ನಮ್ಮ ಪಾಡು ನೋಡಿ, ಶೂ ಕೂಡ ಬಿಚ್ಚದೆ ಪಕ್ಕದಲ್ಲಿ ಕೂತ.

"ಎಡಕ್ಕೆ ತಗೋ. ಇನ್ನೂ ಎಡಕ್ಕೆ. ಈಗ ರಿವರ್ಸ್ ತಗೋ. ಅಮ್ಮಾ, ನೀನು ಮಧ್ಯೆ ಕೈ ಹಾಕ್ಬೇಡ, ಚಾಲಕನ ಜೊತೆ ಮಾತಾಡಬಾರದು ಅಂತ ಬೋರ್ಡಿರುತ್ತೆ."

"ನಿನ್ನ ಬಸ್ಸು ದಿನಾ ಆ ಕಟ್ಟಡದ ಮುಂದೇನೇ ಹೋಗುತ್ತಲ್ಲೋ. ಒಂದಿನಾನಾದ್ರೂ ಒಳಗೆ ಹೋಗಿದ್ಯಾ?"

"ಅಲ್ಲಿ ಸ್ಟಾಪಿದೆ ಅಂತ ಗೊತ್ತು. ಒಳಗೆ ಇಷ್ಟೆಲ್ಲಾ ಇದೆ ಅಂತ ಯಾರಿಗೆ ಗೊತ್ತಿತ್ತು?"

ದಿನವೂ ಕೆಲಸ ಮುಗಿಯುವುದನ್ನೇ ಕಾಯತೊಡಗಿದೆವು. ಕೊನೆಯ ಗಿರಾಕಿ ಹೊರಗೆ ಕಾಲಿಡುವುದೇ ತಡ, ಅತ್ತೆ ಟ್ಯಾಬು ಆನ್ ಮಾಡಿಬಿಟ್ಟಿರುತ್ತಿದ್ದರು. ನನ್ನ ಬೆರಳು ಬಾಣದ ಗುರುತಿನ ಮೇಲೆ ಸ್ವಲ್ಪ ತಡವರಿಸಿದರೂ "ನಡಿ, ನಡಿ, ಮುಂದೆ ನಡಿ" ಎಂದು ಅವಸರಪಡಿಸುತ್ತಿದ್ದರು. ಸಮುದ್ರದ ಚಿತ್ರಗಳ ಕೋಣೆ ಅವರಿಗೆ ಹಿಡಿಸಲಿಲ್ಲ, "ಎಲ್ಲಾ ಒಂದೇ ನೀರು" ಎಂದರು. ಹಣ್ಣಿನ ಚಿತ್ರಗಳ ಮುಂದೆ ನಿಂತು ಅದರಲ್ಲಿ ಕೊಳೆತದ್ದು ಎಷ್ಟು ಎಂದು ಎಣಿಸಿದರು. ಬಟ್ಟೆ ತೊಟ್ಟ ಮನುಷ್ಯರಿದ್ದ ಕೋಣೆಗಳಲ್ಲಿ ಮಾತ್ರ ನಮ್ಮನ್ನು ಹೊರಗೆಳೆಯಲು ನನ್ನ ಗಂಡ ಊಟದ ತಟ್ಟೆ ಬಡಿಯಬೇಕಾಗುತ್ತಿತ್ತು.

ನನ್ನ ಖುಷಿಗೆ ಮಿತಿಯಿರಲಿಲ್ಲ. ಅತ್ತೆ ಮತ್ತೆ ಅತ್ತೆಯಾಗಿದ್ದರು. ಆದರೆ ವ್ಯಾಯಾಮದ ಹುಡುಗಿ ಬಂದ ದಿನ ನನ್ನ ತಪ್ಪು ನನಗೇ ಗೊತ್ತಾಯಿತು. "ಇವತ್ತು ಬೇಡಮ್ಮ, ನಾವು ಮೇಲಿನ ಮಹಡೀಲಿದ್ದೀವಿ," ಎಂದು ಅತ್ತೆ ತಲೆಯನ್ನೂ ಎತ್ತದೆ ಹೇಳಿಬಿಟ್ಟರು. ಹುಡುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಕುರ್ಚಿಯಲ್ಲಿ ಕೂತೇ ಇಡೀ ಸಂಗ್ರಹಾಲಯ ಸುತ್ತಬಹುದಾದರೆ ಏಳಬೇಕಾದರೂ ಯಾಕೆ? ಅತ್ತೆಯನ್ನು ಏಳಿಸಲು ದಾರಿ ಹುಡುಕುತ್ತಿದ್ದ ನಾನೇ ಅವರನ್ನು ಕುರ್ಚಿಗೆ ಇನ್ನಷ್ಟು ಭದ್ರವಾಗಿ ಹೊಲಿದುಬಿಟ್ಟಿದ್ದೆ.

ಆ ವಾರವೇ ಆ ಪ್ರಕಟಣೆ ಕಣ್ಣಿಗೆ ಬಿತ್ತು. ಸಂಗ್ರಹಾಲಯದವರು ಉಗ್ರಾಣದಲ್ಲಿರುವ ಚಿತ್ರಗಳನ್ನೂ ಅಂತರ್ಜಾಲಕ್ಕೆ ಹಾಕಿದ್ದರು. ಜಾಗವಿಲ್ಲದೆ ಎಂದೂ ಗೋಡೆ ಕಾಣದವು ಅವು. ಮನೆಯಲ್ಲಿ ಕೂತು ನೋಡುವವರು ಅವುಗಳಲ್ಲಿ ಐದನ್ನು ಆರಿಸಿ, ಒಂದು ಕೋಣೆಗೆ ಆಗುವಂತೆ ಜೋಡಿಸಿ ಕಳಿಸಬಹುದು. ಯಾರದು ಹಿಡಿಸುತ್ತದೋ ಅವರ ಕೋಣೆಯನ್ನು, ಬಾಗಿಲು ಮತ್ತೆ ತೆರೆದ ದಿನ, ನಿಜವಾಗಿಯೂ ನೇತುಹಾಕುತ್ತಾರೆ.

ನನಗೆ ಆ ಕೋಣೆ ಬೇಕಾಗಿತ್ತು. ಬೇಕೆಂದರೆ ಬೇಕೇಬೇಕಾಗಿತ್ತು. ನಾವು ಆರಿಸಿದ ಚಿತ್ರಗಳು ನಿಜವಾದ ಗೋಡೆಯ ಮೇಲೆ ಇದ್ದರೆ ಅತ್ತೆ ನೋಡಲು ಹೋಗದೆ ಇರುತ್ತಾರೆಯೇ? ಹೋಗಬೇಕಾದರೆ ಏಳಲೇಬೇಕಲ್ಲ? ಇಷ್ಟೇ ನನ್ನ ಲೆಕ್ಕಾಚಾರ.

"ಏನು ಆರಿಸೋಣ ಅತ್ತೆ?"

"ಬೆನ್ನು," ಎಂದರು ಅತ್ತೆ, ಮೊದಲೇ ಯೋಚಿಸಿಟ್ಟವರಂತೆ. "ಅಷ್ಟು ಕೋಣೆ ಸುತ್ತಿದ್ವಲ್ಲ, ಎಲ್ಲಾ ಮುಖಾನೇ. ಕನ್ನಡಿ ಮುಂದೆ ನಿಂತು ಮುಂದಿನ ಭಾಗ ಗಿರಾಕೀನೇ ನೋಡ್ಕೊಳ್ತಾನೆ. ಹಿಂದುಗಡೆ ಹೇಗಿದೆ ಅಂತ ನೋಡೋರು ನಾವು ಮಾತ್ರ. ಉಗ್ರಾಣದಲ್ಲಿ ಬೆನ್ನು ಹುಡುಕು."

ಹುಡುಕಿದೆವು. ಹುಡುಕುತ್ತ ಹೋದಂತೆ ಬೆನ್ನುಗಳು ಸಿಗುತ್ತಲೇ ಹೋದವು. ಬಾಗಿಲ ಹಲಗೆಯೊಂದನ್ನು ಹೊತ್ತು ಏರು ಹತ್ತುವ ಬಡಗಿ. ಕಿಟಕಿಯಿಂದ ಹೊರಗೆ ಬಾಗಿ ಏನನ್ನೋ ನೋಡುತ್ತಿರುವ ಇಬ್ಬರು ಅಕ್ಕತಂಗಿಯರು. ಸರದಿಯಲ್ಲಿ ನಿಂತ ದಪ್ಪ ಮನುಷ್ಯ. ಅವನ ಕೋಟು ಬೆನ್ನ ನಡುವೆ ಬಿಗಿದು ಇನ್ನೇನು ಹರಿಯುವಂತಿತ್ತು, ಅತ್ತೆಗೆ ಅವನ ಮೇಲೆ ಮರುಕ. ಬೀದಿಯ ತುಂಬ ನೆರೆದ ಜನಜಾತ್ರೆ, ಎಲ್ಲರೂ ಆ ಕಡೆ ತಿರುಗಿದ್ದಾರೆ, ನೋಡುತ್ತಿರುವುದೇನೆಂದು ಮಾತ್ರ ಕಾಣುವುದಿಲ್ಲ. "ಸ್ವಲ್ಪ ಸರೀರಪ್ಪಾ, ನಮಗೂ ಕಾಣಿಸ್ಲಿ," ಎಂದು ನನ್ನ ಗಂಡ ಟ್ಯಾಬಿಗೆ ಹೇಳಿದ.

ಐದನೆಯದು ಕೊನೆಗೆ ಸಿಕ್ಕಿತು. ಒಬ್ಬ ಹೆಂಗಸು, ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಎರಡೂ ಕೈ ಹಿಂದಕ್ಕೆ ತಂದು, ಏಪ್ರನ್ನಿನ ಲಾಡಿಗೆ ಗಂಟು ಹಾಕುತ್ತಿದ್ದಾಳೆ. ಅಷ್ಟೇ. ಆದರೆ ಆ ಬೆರಳುಗಳು! ಕಣ್ಣಿಗೆ ಕಾಣದ ಗಂಟನ್ನು ಬೆರಳೇ ನೋಡಿಕೊಂಡು ಕಟ್ಟುತ್ತಿತ್ತು. ನೆಟ್ಟಗಿನ ಬೆನ್ನು, ಕತ್ತಿನ ಮೇಲೆ ಜಾರಿದ ಒಂದೆಳೆ ಕೂದಲು. ಹಿಗ್ಗಿಸಿದಷ್ಟೂ ಚೆಂದ. ಅತ್ತೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಕೆಲಸಕ್ಕೆ ಹೊರಟಿದ್ದಾಳೆ," ಎಂದರು ಕೊನೆಗೆ. "ಇವಳು ನಡುವೆ ಇರ್ಲಿ."

ಆ ಜಾಲತಾಣದಲ್ಲೇ ಒಂದು ಖಾಲಿ ಗೋಡೆ ಕೊಟ್ಟಿದ್ದರು. ಅದರ ಮೇಲೆ ಐದನ್ನೂ ಸಾಲಾಗಿ ಕೂರಿಸಿದೆವು, ಏಪ್ರನ್ನಿನವಳನ್ನು ನಟ್ಟನಡುವೆ. ಎಷ್ಟು ಚೊಕ್ಕವಾಗಿ ಕೂತವೆಂದರೆ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು. ಕಳಿಸಿಬಿಟ್ಟೆವು. ಆಮೇಲೆ ಒಂದು ಹೊಲಿಗೆಯನ್ನೂ ನಾನು ನೆಟ್ಟಗೆ ಹಾಕಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಮಿಷನ್ನಿನ ಪೆಡಲಿನಿಂದ ಕಾಲು ತಾನಾಗಿ ಎದ್ದುಬಿಡುತ್ತಿತ್ತು.

ಒಂದು ಬೆಳಿಗ್ಗೆ ಕರೆ ಬಂದೇಬಿಟ್ಟಿತು. ನಮ್ಮ ಕೋಣೆಯೇ ಆಯ್ಕೆಯಾಗಿತ್ತು. ನಾನು ಕುಣಿದೆ. ನಾಚಿಕೆಯೇನೂ ಇಲ್ಲದೆ, ಕತ್ತಿಗೆ ಟೇಪು ನೇತಾಡುತ್ತಿದ್ದಂತೆಯೇ ಕುಣಿದೆ. ಪ್ಯಾಂಟು ಚಿಕ್ಕದು ಮಾಡಿಸಲು ಬಂದಿದ್ದ ಗಿರಾಕಿ ಏನೂ ಅರ್ಥವಾಗದೆ ಚಪ್ಪಾಳೆ ತಟ್ಟಿದ. ಅತ್ತೆ ಬಂದವರಿಗೆಲ್ಲ "ನಮ್ಮದೊಂದು ಕೋಣೆ ಇದೆ, ಸಂಗ್ರಹಾಲಯದಲ್ಲಿ" ಎಂದು, ಇದೇನು ದೊಡ್ಡ ವಿಷಯವಲ್ಲ ಎನ್ನುವ ಧಾಟಿಯಲ್ಲಿ ಹೇಳತೊಡಗಿದರು. ನನ್ನ ಗಂಡನಂತೂ ಆ ಸ್ಟಾಪು ಬಂದಾಗ ಇಡೀ ಬಸ್ಸಿಗೆ ಸಾರಿದನಂತೆ.

"ನೋಡೋಕೆ ಹೋಗೋಣ ಅಲ್ವಾ ಅತ್ತೆ?" ಎಂದು ಮೆಲ್ಲಗೆ ಎಸೆದು ನೋಡಿದೆ.

"ಅದನ್ನೂ ಇದರಲ್ಲಿ ಹಾಕ್ತಾರಲ್ಲ," ಎಂದು ಟ್ಯಾಬು ತಟ್ಟಿದರು. "ಇಲ್ಲೇ ನೋಡಿದ್ರಾಯ್ತು. ತೀರಾ ಅಂದ್ರೆ ಗಾಲಿ ಕುರ್ಚೀಲಿ ಕರ್ಕೊಂಡು ಹೋಗು."

ನನ್ನ ಕುಣಿತ ಅಲ್ಲಿಗೇ ನಿಂತಿತು.

ಮಾರನೆಯ ದಿನ ಸಂಗ್ರಹಾಲಯದಿಂದ ವೀಡಿಯೊ ಕರೆ. ಚಿತ್ರಗಳನ್ನು ಗೋಡೆಗೆ ನೇತುಹಾಕುವವರು ಮಾಡಿದ್ದರು. ನೆರೆತ ಮೀಸೆಯ, ಬಿಳಿ ಕೈಗವಸು ತೊಟ್ಟ, ಬಾಯಿತುಂಬ ಮಾತಾಡುವ ಮನುಷ್ಯ. ಅತ್ತೆ ಅವರಿಗೆ ಆಗಲೇ ಮೊಳೆರಾಯರು ಎಂದು ಹೆಸರಿಟ್ಟುಬಿಟ್ಟರು, ಅವರೂ ಅದನ್ನು ಖುಷಿಯಿಂದಲೇ ಒಪ್ಪಿಕೊಂಡರು.

"ಅಮ್ಮಾ, ನಿಮ್ಮ ಬೆನ್ನುಗಳ ಕೋಣೆ ನಮ್ಮ ದೊಡ್ಡೋರಿಗೆಲ್ಲ ತುಂಬಾ ಹಿಡಿಸಿದೆ. ಆರಿಸೋದು ಅವರ ಕೆಲಸ, ನೇತುಹಾಕೋದು ನನ್ನ ತಲೆನೋವು. ಅದಕ್ಕೇ ಒಂದು ಮಾತು ಕೇಳೋಣ ಅಂತ. ನಡುವೆ ಇರೋ ಚಿತ್ರ, ಅದೇ ಏಪ್ರನ್ನಿನ ಹೆಂಗಸು, ಅದನ್ನ ನೀವು ನೋಡಿದ್ದೀರಲ್ವಾ?"

"ನೋಡದೆ ಏನು? ಅವಳ ಉಗುರು ಸಹಿತ ನೋಡಿದ್ದೀವಿ," ಎಂದರು ಅತ್ತೆ.

ಮೊಳೆರಾಯರು ಕೈಗವಸಿನ ಅಂಗೈಯನ್ನು ಕ್ಯಾಮೆರಾ ಮುಂದೆ ಹಿಡಿದರು. "ಇದೇ ಅದು."

ನಾವು ಅಂಗೈಯನ್ನು ನೋಡಿದೆವು. ಅಂಗೈಯ ನಡುವೆ ಒಂದು ಗುಂಡಿಯಿತ್ತು. ಕೋಟಿಗೆ ಹಾಕುವ ಗುಂಡಿ.

"ಎಲ್ಲಿ?" ಎಂದೆ ನಾನು.

"ಇದೇ ತಾಯಿ. ಗುಂಡಿಯಷ್ಟಗಲದ ಮೂಳೆಯ ಬಿಲ್ಲೆ ಮೇಲೆ ಒಂದೆರಡು ಕೂದಲಿನ ಕುಂಚದಲ್ಲಿ ಬರೆದಿದ್ದು. ಹಿಂದೆ ಯಾರೋ ಇದನ್ನ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ರು ಅನ್ಸುತ್ತೆ. ಇನ್ನು ಆ ಜನಜಾತ್ರೆ ಇದೆಯಲ್ಲ, ಅದು ನಿಮ್ಮ ಕೋಣೆ ಗೋಡೆಗಿಂತ ದೊಡ್ಡದು. ಸುರುಳಿ ಸುತ್ತಿ ಮಲಗಿಸಿದ್ದೀವಿ. ಬಾಗಿಲಲ್ಲಿ ತೂರೋದೇ ಇಲ್ಲ. ಟ್ಯಾಬಲ್ಲಿ ಎಲ್ಲಾ ಒಂದೇ ಅಳತೇಲಿ ಕಾಣುತ್ತೆ, ನಿಮ್ಮ ತಪ್ಪೇನಿಲ್ಲ ಬಿಡಿ. ಪ್ರತಿ ಚಿತ್ರದ ಕೆಳಗೆ ಅಳತೆ ಅಂತ ಒಂದು ಗುರುತಿದೆ, ಮುಟ್ಟಿದ್ರೆ ತೋರಿಸುತ್ತೆ. ನಾಳೆಯೊಳಗೆ ಹೇಗೆ ಹಾಕ್ಬೇಕು ಅಂತ ಹೇಳ್ಬಿಡಿ. ಆಗಲ್ಲ ಅಂದ್ರೆ ಎರಡನೇದಾಗಿ ಬಂದವರ ಕೋಣೆ ಹಾಕ್ತೀವಿ, ಬೇಜಾರು ಮಾಡ್ಕೋಬೇಡಿ."

ಕರೆ ಮುಗಿಯಿತು. ನಾನು ಅತ್ತೆಯ ಮುಖ ನೋಡಲಾರದೆ ಹೋದೆ, ಅವರು ನನ್ನ ಮುಖ ನೋಡಲಾರದೆ ಹೋದರು. ಬೀದಿಯಲ್ಲಿ ಹೋಗುವವರ ಭುಜದ ಅಳತೆಯನ್ನು ಕಣ್ಣಲ್ಲೇ ತೆಗೆಯುವವರು ನಾವು. ಕತ್ತಿಗೆ ಟೇಪು ಹಾಕಿಕೊಂಡೇ ಊಟಕ್ಕೆ ಕೂರುವವರು. ಇಂಥವರು ಒಂದಲ್ಲ, ಐದು ಚಿತ್ರಗಳನ್ನು ಅಳತೆ ನೋಡದೆ ಜೋಡಿಸಿದ್ದೆವು. ಬೇರೆ ಯಾರಾದರೂ ಮಾಡಿದ್ದರೆ ನಕ್ಕು ಸುಮ್ಮನಾಗಬಹುದಿತ್ತು.

"ಬಿಟ್ಟುಬಿಡು," ಎಂದರು ಅತ್ತೆ. "ಇನ್ನೊಬ್ಬರಿಗೇ ಕೊಡ್ಲಿ. ನನ್ನ ಕಾಲಂತೂ ಹೋಯ್ತು, ಈಗ ಕಣ್ಣೂ ಹೋಯ್ತು. ಬಿದ್ದವಳು ಬಿದ್ದ ಕಡೆ ಇರ್ಬೇಕು." ಕುರ್ಚಿಯನ್ನು ಕಿಟಕಿ ಕಡೆಗೆ ತಿರುಗಿಸು ಎಂದರು. ತಿರುಗಿಸಿದೆ. ನನಗೂ ಅವರ ಬೆನ್ನೊಂದೇ ಉಳಿಯಿತು, ಬಾಗಿದ, ಚಿಕ್ಕದಾದ ಬೆನ್ನು.

ನನಗೆ ಅಳು ಬರಬೇಕಾಗಿತ್ತು. ಸಿಟ್ಟು ಬಂತು.

"ಅತ್ತೆ, ನಮ್ಮ ಅಂಗಡಿ ಬೋರ್ಡಲ್ಲಿ ಏನು ಬರೆದಿದೆ? ಆಲ್ಟರೇಷನ್ ಮಾಡಿಕೊಡಲಾಗುವುದು ಅಂತ ತಾನೇ? ಊರವರೆಲ್ಲಾ ಕೆಡಿಸಿಕೊಂಡು ಬಂದ ಬಟ್ಟೇನ ಬಿಚ್ಚಿ ಸರಿ ಮಾಡಿಕೊಟ್ಟಿಲ್ವಾ ನೀವು? ಬೇರೆಯವರ ತಪ್ಪಾದ್ರೆ ಬಿಚ್ಚಿ ಹೊಲಿಯೋದು, ನಮ್ಮ ತಪ್ಪಾದ್ರೆ ಮುಖ ಊದಿಸ್ಕೊಂಡು ಕೂರೋದಾ? ಚೆನ್ನಾಗಿದೆ ನ್ಯಾಯ!"

ಉತ್ತರಕ್ಕೆ ನಾನು ಕಾಯಲಿಲ್ಲ. ಒಂದೊಂದು ಚಿತ್ರದ ಕೆಳಗಿನ ಗುರುತನ್ನೂ ಮುಟ್ಟಿ ಅಳತೆ ತೆಗೆದೆ. ಪ್ಯಾಟರ್ನ್ ಕತ್ತರಿಸುವ ಖಾಕಿ ಕಾಗದವನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸತೊಡಗಿದೆ. ಕತ್ತರಿಯ ಸದ್ದು ಬೇಕೆಂದೇ ಜೋರಾಗಿ ಮಾಡಿದೆ. ಬಡಗಿಯ ಚಿತ್ರ ಬಾಗಿಲಿನಷ್ಟೇ ಎತ್ತರ ಬಂತು. ಅಕ್ಕತಂಗಿಯರು ದಿಂಬಿನ ಹೊದಿಕೆಯಷ್ಟು. ದಪ್ಪ ಮನುಷ್ಯ ಪಾಪ, ಕರವಸ್ತ್ರದಷ್ಟೇ ಇದ್ದ. ಜನಜಾತ್ರೆಗೆ ಮನೆಯಲ್ಲಿದ್ದ ಕಾಗದವೆಲ್ಲ ಸೇರಿಸಿದರೂ ಸಾಲದು ಎಂದು ಅದನ್ನು ಕೈಬಿಟ್ಟೆ.

"ಗೆರೆ ಸೊಟ್ಟ ಹೋಗ್ತಿದೆ," ಎಂಬ ಮಾತು ಕೇಳಿತು. ಅತ್ತೆ ಕತ್ತು ಹೊರಳಿಸಿ ನೋಡುತ್ತಿದ್ದರು.

"ಎಷ್ಟು ಹೊತ್ತಿಂದ ನೋಡ್ತಿದ್ದೀರಿ?"

"ನೋಡ್ಲಿಲ್ಲ. ಕತ್ತರಿ ಸದ್ದು ಕೇಳಿದ್ರೇ ಗೊತ್ತಾಗುತ್ತೆ. ಕುರ್ಚಿ ತಿರುಗಿಸು."

ಆಮೇಲೆ ನಮ್ಮಿಬ್ಬರನ್ನು ಹಿಡಿಯುವವರಿರಲಿಲ್ಲ. ಮಿಷನ್ನುಗಳ ಹಿಂದಿನ ಗೋಡೆಯನ್ನೂ ಅದರ ಎಡಬಲದ ಗೋಡೆಗಳನ್ನೂ ಖಾಲಿ ಮಾಡಿ, ಕಾಗದಗಳನ್ನು ಗುಂಡುಸೂಜಿಯಿಂದ ಚುಚ್ಚಿದೆವು, ಕಿತ್ತೆವು, ಮತ್ತೆ ಚುಚ್ಚಿದೆವು. ಬಡಗಿ ಎಡಗಡೆಯ ಗೋಡೆಗೆ ಹೋದ, ಅಕ್ಕತಂಗಿಯರೂ ದಪ್ಪ ಮನುಷ್ಯನೂ ಬಲಗಡೆಗೆ. ನಡುವಿನ ಗೋಡೆಯ ಮೇಲೆ ಗುಂಡಿಗಳ ಡಬ್ಬಿಯಿಂದ ಒಂದು ಕೋಟಿನ ಗುಂಡಿ ತೆಗೆದು ಚುಚ್ಚಿದೆ. ಅದರ ಸುತ್ತ ಏನೇ ಇಟ್ಟರೂ ಗುಂಡಿ ಸತ್ತುಹೋಗುತ್ತಿತ್ತು. ಕೊನೆಗೆ ಅತ್ತೆ ಹೇಳಿದರು:

"ಎಲ್ಲಾ ತೆಗಿ. ಇಡೀ ಗೋಡೆ ಅವಳೊಬ್ಬಳಿಗೇ ಬಿಡು."

ತೆಗೆದೆ. ಖಾಲಿ ಗೋಡೆ, ನಡುವೆ ಒಂದೇ ಒಂದು ಗುಂಡಿ. ನಾನು ಬಾಗಿಲ ಬಳಿ ಹೋಗಿ ನೋಡಿದೆ. ಅದೇನು ಎಂದು ತಿಳಿಯಲು ಕಾಲು ತಾನಾಗಿ ಗೋಡೆಯತ್ತ ಹೊರಟಿತು. ಅಷ್ಟು ದೊಡ್ಡ ಗೋಡೆಯ ಮೇಲೆ ಅಷ್ಟು ಚಿಕ್ಕದೇನೋ ಇದ್ದರೆ ಹತ್ತಿರ ಹೋಗದೆ ಇರುವುದು ಯಾರಿಂದಲೂ ಆಗದ ಮಾತು. "ಅತ್ತೆ, ಇದೇ! ಇದೇ ಸರಿ!" ಎಂದು ಕಿರುಚಿದೆ.

"ನನಗೆ ಕಾಣಿಸ್ತಿಲ್ಲ," ಎಂದರು ಅತ್ತೆ.

ನಿಜ. ಮೇಜಿನ ಈಚೆ, ಕುರ್ಚಿಯ ತಗ್ಗಿನಲ್ಲಿ ಕೂತವರಿಗೆ ಗುಂಡಿಯೇನು ಕಂಡೀತು? ನಾನು ಹೋಗಿ ಸೂಜಿ ಕಿತ್ತು ಕೆಳಗೆ ಚುಚ್ಚಲು ಹೊರಟೆ. "ಇರ್ಲಿ, ಅಲ್ಲೇ ಇರ್ಲಿ," ಎಂದರು. ಆ ಗುಂಡಿಯನ್ನೇ ಕಣ್ಣು ಕಿರಿದು ಮಾಡಿ ನೋಡುತ್ತ ಕೂತರು. ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಮೊಳೆರಾಯರ ಕರೆ ಬಂದಾಗ ನನ್ನ ಗಂಡ ಡ್ಯೂಟಿಗೆ ಹೊರಟು ನಿಂತಿದ್ದ. ಟ್ಯಾಬು ಹಿಡಿಯುವ ಕೆಲಸ ಅವನಿಗೇ ಬಿತ್ತು. ಮೂರೂ ಗೋಡೆಗಳನ್ನು ತೋರಿಸಿದೆವು. ಮೊಳೆರಾಯರು ಕೈಗವಸು ತೊಟ್ಟ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡರು.

"ಒಂದು ಗೋಡೆ ತುಂಬಾ ಒಂದೇ ಗುಂಡೀನಾ?"

"ಯಾಕೆ, ಆಗಲ್ವಾ?" ಎಂದೆ, ಜಗಳಕ್ಕೆ ಸಿದ್ಧಳಾಗಿ.

"ಆಗಲ್ಲ ಅಂತ ಯಾರಂದ್ರು? ಇಷ್ಟು ವರ್ಷದಲ್ಲಿ ಇಂಥದ್ದು ನಾನು ಮಾಡಿಲ್ಲ. ಮಾಡ್ಬೇಕು ಅಂತ ಕೈ ತುರಿಸ್ತಿದೆ!" ಅವರು ಅಲ್ಲಿ ಕೂತಲ್ಲೇ ಪುಟಿಯುತ್ತಿದ್ದರು. "ಹಾಕೋಣ. ಹಾಕೇಬಿಡೋಣ. ಒಂದೇ ಒಂದು ವಿಷಯ ಹೇಳಿ. ಎಷ್ಟು ಎತ್ತರಕ್ಕೆ ಹೊಡೀಲಿ ಮೊಳೆ? ಇಷ್ಟು ಚಿಕ್ಕದು ಒಂದು ಚೂರು ಮೇಲೆ ಕೆಳಗಾದ್ರೂ ಕಾಣಲ್ಲ. ಸರಿಯಾಗಿ ಕಣ್ಣಿನ ಮಟ್ಟಕ್ಕಿರ್ಬೇಕು. ಯಾರ ಕಣ್ಣಿನ ಮಟ್ಟ ಅಂತ ಕೋಣೆಯ ಯಜಮಾನರೇ ಹೇಳ್ಬೇಕು."

ನಾನು ಅತ್ತೆಯತ್ತ ನೋಡಿದೆ. ಗಾಲಿ ಕುರ್ಚಿಯಲ್ಲಾದರೂ ಬರುತ್ತೇನೆ ಎಂದಿದ್ದರಲ್ಲ, ಅದನ್ನೂ ಕಳೆದುಕೊಳ್ಳುವುದು ಬೇಡವೆನಿಸಿತು. ಸೋತೆನೆಂದು ಒಪ್ಪಿಕೊಂಡೇ ಹೇಳಿದೆ: "ಕೂತವರ ಮಟ್ಟಕ್ಕೆ ಹಾಕಿ ಸಾರ್. ನಮ್ಮ ಅತ್ತೆ ಕುರ್ಚೀಲಿ ಬರ್ತಾರೆ."

"ಆಯ್ತು, ಕೂತವರ ಮಟ್ಟ," ಎಂದು ಅವರು ಬರೆದುಕೊಳ್ಳಲು ಹೊರಟರು.

"ಯಾರ್ರೀ ಕೂತವರು?" ಎಂದರು ಅತ್ತೆ. ದನಿ ಗಡುಸಾಗಿತ್ತು. "ಅವಳು ನಿಂತಿದ್ದಾಳೆ. ಕೆಲಸಕ್ಕೆ ಹೊರಟು ನಿಂತಿರೋಳನ್ನ ಕೆಳಗೆ ಕೂರಿಸ್ತೀರಾ? ನನ್ನ ಕಣ್ಣಿನ ಮಟ್ಟಕ್ಕೆ ಹಾಕಿ. ನಿಂತಾಗಿನ ಮಟ್ಟಕ್ಕೆ."

ನಾನು, "ಆಯ್ತು ಅತ್ತೆ. ನಿಮ್ಮ ಅಳತೆ ನನಗೆ ಬಾಯಿಪಾಠ. ನಾನೇ ಹೇಳ್ತೀನಿ," ಎಂದೆ.

"ಬಾಯಿಪಾಠ ಅಂದ್ಕೊಂಡೇ ಅಲ್ವೇನೇ ನಿನ್ನೆ ಮಾನ ಹೋಗಿದ್ದು? ಟೇಪು ತಗೊಂಡು ಬಾ. ತೆಗೆದು ಹೇಳು."

ಟೇಪು ನನ್ನ ಕತ್ತಿನಲ್ಲೇ ಇತ್ತು. ಕುರ್ಚಿಯ ಪಕ್ಕ ಮಂಡಿಯೂರಿದೆ. ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ, ಇನ್ನೊಂದು ತುದಿಯನ್ನು ಮೇಲೆತ್ತಲು ಹೋದೆ. ಅತ್ತೆ ನನ್ನ ಕೈಯನ್ನು ಪಟ್ಟೆಂದು ಹೊಡೆದರು.

"ಕೂತವರ ಅಳತೆ ತಗೊಳ್ಳೋಕೆ ನಾನು ನಿನಗೆ ಕಲಿಸಿದ್ದೀನಾ?"

ಅವರ ಎರಡೂ ಕೈ ಕಟಿಂಗ್ ಮೇಜಿನ ಅಂಚಿಗೆ ಹೋದವು. ಬೆರಳಿನ ಗಿಣ್ಣುಗಳು ಬೆಳ್ಳಗಾದವು. ನನ್ನ ಗಂಡ ಮುಂದೆ ಬರಲು ಹೊರಟವನು ನಾನು ಕಣ್ಣು ಬಿಟ್ಟದ್ದು ನೋಡಿ ಅಲ್ಲೇ ನಿಂತ. ಕುರ್ಚಿ ಕಿರ್ರೆಂದಿತು. ಅತ್ತೆಯ ಪಾದಗಳು ನನ್ನ ಮೂಗಿನ ಮುಂದೆಯೇ ಇದ್ದವು. ಮೊದಲು ಹಿಮ್ಮಡಿ ನಡುಗಿತು, ಆಮೇಲೆ ಮೀನಖಂಡ, ಆಮೇಲೆ ಇಡೀ ಮೇಜು. ಮೇಜಿನ ಮೇಲಿದ್ದ ಗುಂಡುಸೂಜಿಗಳ ಡಬ್ಬಿ ಗಲಗಲ ಸದ್ದು ಮಾಡಿತು. ಅತ್ತೆಯ ಉಸಿರು ದೊಡ್ಡದಾಗಿ, ಒಂದೊಂದಾಗಿ ಕೇಳಿಸುತ್ತಿತ್ತು.

"ಚಿತ್ರ ಅಲುಗಾಡ್ತಿದೆಯಲ್ಲಪ್ಪಾ, ಅಲ್ಲೇನು ಭೂಕಂಪನಾ?" ಎಂದು ಟ್ಯಾಬಿನೊಳಗಿಂದ ಮೊಳೆರಾಯರು ಕೇಳಿದರು. ನನ್ನ ಗಂಡ ಟ್ಯಾಬನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ.

ತಲೆ ಎತ್ತಿ ನೋಡಿದೆ. ಅತ್ತೆ ನಿಂತಿದ್ದರು.

"ಏನು ಬಾಯಿ ಬಿಟ್ಕೊಂಡು ನೋಡ್ತೀಯಾ? ತಗೋ ಬೇಗ, ಇಡೀ ದಿನ ನಿಂತಿರ್ತೀನಾ? ಟೇಪು ಸಡಿಲ ಬಿಡ್ಬೇಡ."

ನಾನು ಎದ್ದೆ. ಟೇಪಿನ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು, ಅವರ ಸೊಂಟದ ಪಕ್ಕದಿಂದ, ಭುಜದ ಪಕ್ಕದಿಂದ, ಕಣ್ಣಿನವರೆಗೆ ತಂದೆ. ಅಷ್ಟು ಹತ್ತಿರದಿಂದ ಅವರ ಕಣ್ಣು ನೋಡಿ ಎಷ್ಟು ಕಾಲವಾಗಿತ್ತೋ. ನನ್ನ ಕಣ್ಣು ಮಂಜಾಗಿ ಟೇಪಿನ ಅಂಕಿ ಕಾಣಿಸಲಿಲ್ಲ. ಮುಂಗೈಯಿಂದ ಒರೆಸಿಕೊಂಡು ಮತ್ತೆ ನೋಡಿದೆ. ಕಂಡ ಅಳತೆಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಆ ಕಡೆಯಿಂದ ಮೊಳೆರಾಯರು "ಬರ್ಕೊಂಡೆ" ಎಂದರು.

"ಬರ್ಕೋಬೇಡಿ, ಇರಿ," ಎಂದರು ಅತ್ತೆ. ಮೇಜಿನ ಮೇಲಿದ್ದ ಕೈಗಳಲ್ಲಿ ಒಂದನ್ನು ಎತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ ಎತ್ತಿದರು.

"ಇನ್ನೊಂದ್ಸಲ ತೆಗಿ," ಎಂದರು. "ಬೆನ್ನು ಬಾಗಿತ್ತು."